ಬ್ರಾಯ್ಲರ್ ಕೋಳಿಗೆ ಕುಲಾಂತರಿ ಮೆಕ್ಕೆಜೋಳ: ತಕ್ಕಡಿಗೆ ಹಾಕಿ ನೋಡೋಣ

2 ಕೆಜಿ ತೂಗುವ ಬ್ರಾಯ್ಲರ್ ಕೋಳಿ ಅಷ್ಟು ಬೆಳೆಯುವ ಹೊತ್ತಿಗೆ ಸುಮಾರು 3.2 ಕೆಜಿ ಫೀಡ್ ತಿಂದಿರುತ್ತದೆ. ಅದರಲ್ಲಿ ಹತ್ತಿರ ಹತ್ತಿರ 1.9 ಕೆಜಿ ಬರೀ ಮೆಕ್ಕೆಜೋಳ. ಲೆಕ್ಕ ಹಾಕಿದರೆ ನಾವು ಸಾಕುವುದು ಕೋಳಿಯನ್ನೇ ಆದರೂ ಮಾಡುವ ಕೆಲಸ ಜೋಳವನ್ನು ಮಾಂಸ ಮಾಡುವುದು. ಅದಕ್ಕೇ ಜೋಳದ ಬಗ್ಗೆ ಯಾವ ಮಾತು ಎದ್ದರೂ ಶೆಡ್ಡಿನವರ ಕಿವಿ ನೆಟ್ಟಗಾಗುತ್ತದೆ.

ಈಗ ಎದ್ದಿರುವುದು ಕುಲಾಂತರಿ ಮೆಕ್ಕೆಜೋಳದ ಮಾತು. ‘ಅದೊಂದು ಬಂದರೆ ಫೀಡ್ ಖರ್ಚು ಇಳಿದೇ ಬಿಡುತ್ತೆ’ ಅನ್ನುವವರಿದ್ದಾರೆ. ‘ಅದನ್ನು ತಿಂದ ಕೋಳಿ ಮುಟ್ಟಬೇಡಿ’ ಅನ್ನುವವರೂ ಇದ್ದಾರೆ. ಇಬ್ಬರ ಕೈಯಲ್ಲೂ ತಕ್ಕಡಿ ಇರುವುದಿಲ್ಲ. ಕೋಳಿಗೆ ಬೇಕಾದ್ದು ಕಾಳಿನಲ್ಲಿ ಎಷ್ಟಿದೆ ಅಂತ ನೋಡುವ ಕ್ರಮ ಒಂದಿದೆ. ಜೋಳ ಕುಲಾಂತರಿಯಾಗಿರಲಿ, ನಮ್ಮ ಹೊಲದ್ದೇ ಆಗಿರಲಿ, ಆ ಕ್ರಮ ಬದಲಾಗುವುದಿಲ್ಲ. ಮೈಸೂರು ಕಡೆಯವರು ಮುಸುಕಿನ ಜೋಳ ಅನ್ನಿ, ಹಾವೇರಿ ಕಡೆಯವರು ಗೋವಿನಜೋಳ ಅನ್ನಿ, ಇಲ್ಲಿ ಹೇಳುತ್ತಿರುವುದು ಒಂದೇ ಕಾಳಿನ ವಿಷಯ.

ಮೊದಲ ಹೆಜ್ಜೆ: ಹೈಬ್ರಿಡ್ ಬೇರೆ, ಕುಲಾಂತರಿ ಬೇರೆ

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ‘ಈಗ ಬರೋದೆಲ್ಲ ಕುಲಾಂತರಿನೇ ಅಲ್ವಾ, ತೆನೆ ನೋಡಿ ಎಷ್ಟು ದಪ್ಪ’ ಅಂತ ಕೇಳುತ್ತಾರೆ. ಅಲ್ಲ. ಎರಡು ಜೋಳದ ತಳಿಗಳನ್ನು ಹೂವಿನ ಹುಡಿ ಕೂಡಿಸಿ ಬೆರೆಸಿದರೆ ಹೈಬ್ರಿಡ್. ನಮ್ಮ ದಾವಣಗೆರೆ, ಹಾವೇರಿ, ಚಿತ್ರದುರ್ಗದ ಹೊಲಗಳಲ್ಲಿ ಬೆಳೆಯುವುದು ಇದೇ. ಬೇರೊಂದು ಜೀವಿಯ, ಹೆಚ್ಚಾಗಿ ಮಣ್ಣಿನ ಬ್ಯಾಕ್ಟೀರಿಯಾದ, ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಜೋಳಕ್ಕೆ ಸೇರಿಸಿದರೆ ಅದು ಕುಲಾಂತರಿ.

ಭಾರತದಲ್ಲಿ ಕುಲಾಂತರಿ ಮೆಕ್ಕೆಜೋಳವನ್ನು ರೈತರು ಬೆಳೆಯಲು ಅನುಮತಿ ಇಲ್ಲ. 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ (ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿ ಹುಳ ತಡೆಯುವಂತೆ ಮಾಡಿದ್ದು) ಬಿಟ್ಟರೆ ವ್ಯಾಪಾರಕ್ಕೆ ಬೆಳೆಯುವ ಕುಲಾಂತರಿ ಬೆಳೆ ಇಲ್ಲಿ ಬೇರೆ ಇಲ್ಲ. ಬಿಟಿ ಬದನೆಯನ್ನು 2010ರಲ್ಲಿ ತಡೆಹಿಡಿದದ್ದು ನೆನಪಿರಬಹುದು. ಆಹಾರಕ್ಕೆಂದು ಹೊರದೇಶದಿಂದ ತರಿಸುವ ಮೆಕ್ಕೆಜೋಳದ ಜೊತೆಗೂ ‘ಕುಲಾಂತರಿ ಅಲ್ಲ’ ಎಂಬ ಪ್ರಮಾಣಪತ್ರ ಬರಬೇಕು. 2021ರ ಮಾರ್ಚ್‌ನಿಂದ ಮೆಕ್ಕೆಜೋಳವೂ ಸೇರಿ 24 ಬೆಳೆಗಳಿಗೆ ಈ ನಿಯಮ ಇದೆ. ಅಕಸ್ಮಾತ್ ಬೆರೆತರೂ ಶೇ. 1ಕ್ಕಿಂತ ಜಾಸ್ತಿ ಇರುವಂತಿಲ್ಲ.

ಹಾಗಾದರೆ ನಮ್ಮ ಸಾಕುಪ್ರಾಣಿಗಳು ಕುಲಾಂತರಿ ಮುಟ್ಟಿಯೇ ಇಲ್ಲವೇ? ಮುಟ್ಟಿವೆ. ನಿಮ್ಮ ಹಟ್ಟಿಯ ಎಮ್ಮೆಗೆ ಹಾಕುವ ಹತ್ತಿಕಾಳು ಹಿಂಡಿ ಎಲ್ಲಿಂದ ಬರುತ್ತದೆ? ದೇಶದ ಹತ್ತಿಯಲ್ಲಿ ಶೇ. 90ಕ್ಕೂ ಜಾಸ್ತಿ ಬಿಟಿ. ಇನ್ನು 2021ರಲ್ಲಿ ಸೋಯಾ ಹಿಂಡಿಯ ಬೆಲೆ ಕೆಜಿಗೆ 100 ರೂಪಾಯಿಯ ಆಸುಪಾಸಿಗೆ ಹೋದಾಗ ಕೋಳಿ ಸಾಕಣೆದಾರರು ಗೋಳಾಡಿದರು. ಆ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು ಅನುಮತಿ ಕೊಟ್ಟಿತು. ಎಣ್ಣೆ ತೆಗೆದು ಪುಡಿಯಾದ ಹಿಂಡಿ ಮೊಳೆಯುವುದಿಲ್ಲ, ಹಾಗಾಗಿ ಹೊಲಕ್ಕೆ ಹರಡುವ ಭಯ ಇಲ್ಲ ಎಂಬುದು ಆಗಿನ ವಾದ.

ಕಾಳು ನೋಡಿ ಕುಲಾಂತರಿ ಹೌದೋ ಅಲ್ಲವೋ ಹೇಳಲು ಯಾರಿಂದಲೂ ಆಗದು. ಬಣ್ಣ, ಗಾತ್ರ, ಹೊಳಪು ಯಾವುದೂ ಗುರುತಲ್ಲ. ಕಾಳನ್ನು ಪುಡಿ ಮಾಡಿ ನೀರಿನಲ್ಲಿ ಕದಡಿ ಪಟ್ಟಿ ಅದ್ದುವ ಪರೀಕ್ಷೆ ಇದೆ, ಗರ್ಭದ ಪರೀಕ್ಷೆಯ ಪಟ್ಟಿಯ ಹಾಗೆಯೇ ಗೆರೆ ಮೂಡುತ್ತದೆ. ಆದರೆ ಬಿಸಿ ಹಬೆಯಲ್ಲಿ ಪೆಲೆಟ್ ಆದ ಫೀಡಿಗೆ ಅದನ್ನು ನಂಬುವಂತಿಲ್ಲ. ಶಾಖಕ್ಕೆ ಆ ಪ್ರೋಟೀನ್ ಕೆಟ್ಟಿರುತ್ತದೆ. ಆಗ ಲ್ಯಾಬಿನಲ್ಲಿ ಡಿಎನ್‌ಎ ಪರೀಕ್ಷೆಯೇ ಆಗಬೇಕು.

ಎರಡನೆಯದು: ಏನು ಸೇರಿಸಿದ್ದಾರೆ ಅಂತ ಕೇಳಿ

‘ಕುಲಾಂತರಿ ಜೋಳದ ಪೋಷಕಾಂಶ ಎಷ್ಟು?’ ಎಂಬ ಪ್ರಶ್ನೆಗೆ ಉತ್ತರ ಇಲ್ಲ, ಪ್ರಶ್ನೆಯೇ ಅರ್ಧ. ಯಾವ ಗುಣದ ಕುಲಾಂತರಿ ಅಂತ ಕೇಳಬೇಕು. ನಾನು ಇವನ್ನು ಹೊಲದ ಗುಣ, ಕಾಳಿನ ಗುಣ ಅಂತ ಎರಡು ಪಾಲು ಮಾಡಿಕೊಳ್ಳುತ್ತೇನೆ.

ಜಗತ್ತಿನಲ್ಲಿ ಬೆಳೆಯುವ ಕುಲಾಂತರಿ ಜೋಳದಲ್ಲಿ ಬಹುಪಾಲು ಹೊಲದ ಗುಣದ್ದು. ಮಾನ್ 810 ಎಂಬುದು ಕಾಂಡ ಕೊರೆಯುವ ಹುಳ ತಡೆಯುವ ಬಿಟಿ ಜೋಳ. ಎನ್‌ಕೆ 603 ಎಂಬುದು ಗ್ಲೈಫೋಸೇಟ್ ಕಳೆನಾಶಕ ಹೊಡೆದರೂ ಸಾಯದ ಜೋಳ. ಇವು ರೈತನ ಔಷಧಿ ಖರ್ಚನ್ನೋ ಕಳೆ ಕೀಳುವ ಕೂಲಿಯನ್ನೋ ಉಳಿಸಲು ಮಾಡಿದವು. ಕಾಳಿನ ಪಿಷ್ಟ, ಪ್ರೋಟೀನ್, ಎಣ್ಣೆ ಬದಲಿಸುವುದು ಇವುಗಳ ಉದ್ದೇಶವೇ ಅಲ್ಲ. ಹಾಗಾಗಿ ‘ಬಿಟಿ ಜೋಳ ಹಾಕಿದರೆ ಕೋಳಿ ಬೇಗ ತೂಕ ಬರುತ್ತೆ’ ಅಂತ ಯಾರಾದರೂ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ.

ಕಾಳಿನ ಗುಣದವು ಬೆರಳೆಣಿಕೆಯಷ್ಟು. ಎಲ್‌ವೈ 038 ಎಂಬ ಜೋಳದಲ್ಲಿ ಲೈಸಿನ್ ಜಾಸ್ತಿ ಮಾಡಿದ್ದರು. ಲೈಸಿನ್ ಅಂದರೆ ಕೋಳಿಯ ಮೈ ಬೆಳೆಯಲು ಬೇಕಾದ ಒಂದು ಅಮೈನೊ ಆಮ್ಲ, ಪ್ರೋಟೀನ್ ಗೋಡೆಯ ಇಟ್ಟಿಗೆ ಇದ್ದ ಹಾಗೆ. ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಚೀನಾದಲ್ಲಿ 2009ರಲ್ಲಿ ಕಾಳಿನ ರಂಜಕವನ್ನು ಕೋಳಿಗೆ ದಕ್ಕುವಂತೆ ಬಿಡಿಸುವ ಫೈಟೇಸ್ ಕಿಣ್ವವನ್ನು ತಾನೇ ತಯಾರಿಸುವ ಜೋಳಕ್ಕೆ ಸುರಕ್ಷತೆಯ ಪ್ರಮಾಣಪತ್ರ ಕೊಟ್ಟರು. 2011ರಲ್ಲಿ ಅಮೆರಿಕದಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ಜೋಳ ಬಂತು, ಅದು ಮುಖ್ಯವಾಗಿ ಎಥನಾಲ್ ಕಾರ್ಖಾನೆಗೆಂದು ಮಾಡಿದ್ದು. ಕೋಳಿಯ ಹೊಟ್ಟೆಗೆ ಲೆಕ್ಕ ಹಾಕಬೇಕಾದ್ದು ಇಂಥವನ್ನು. ಆ ಲೆಕ್ಕವನ್ನೇ ಮುಂದೆ ಮಾಡೋಣ.

ಮೂರನೆಯದು: ಕಾಳಿನ ಲೆಕ್ಕ ಕಾಗದದ ಮೇಲೆ ಬರಲಿ

ಸಾಮಾನ್ಯ ಹಳದಿ ಮೆಕ್ಕೆಜೋಳದಲ್ಲಿ ಕೆಜಿಗೆ ಸುಮಾರು 3350 ಕಿಲೋ ಕ್ಯಾಲೊರಿ ಶಕ್ತಿ ಕೋಳಿಗೆ ಸಿಗುತ್ತದೆ. ಪ್ರೋಟೀನ್ ಶೇ. 8.5, ಎಣ್ಣೆ ಶೇ. 3.8, ನಾರು ಶೇ. 2.2. ಲೈಸಿನ್ ಬರೀ ಶೇ. 0.26, ಇನ್ನೊಂದು ಅಮೈನೊ ಆಮ್ಲ ಮೆಥಿಯೋನಿನ್ ಶೇ. 0.18. ರಂಜಕ ಶೇ. 0.28 ಇದ್ದರೂ ಅದರಲ್ಲಿ ಕೋಳಿಗೆ ದಕ್ಕುವುದು 0.08 ಮಾತ್ರ. ಉಳಿದದ್ದು ಫೈಟೇಟ್ ಎಂಬ ಗಂಟಿನಲ್ಲಿ ಸಿಕ್ಕಿಕೊಂಡು ಹಾಗೇ ಹಿಕ್ಕೆಯಲ್ಲಿ ಹೋಗುತ್ತದೆ.

ಈಗ 100 ಕೆಜಿ ಫೀಡ್ ಮಾಡೋಣ. ಜೋಳ 60 ಕೆಜಿ, ಶೇ. 45 ಪ್ರೋಟೀನಿನ ಸೋಯಾ ಹಿಂಡಿ 33 ಕೆಜಿ, ಎಣ್ಣೆ 3 ಕೆಜಿ, ಉಳಿದ 4 ಕೆಜಿ ಖನಿಜ, ಉಪ್ಪು, ವಿಟಮಿನ್, ಅಮೈನೊ ಆಮ್ಲ. ಇದು ಲೆಕ್ಕ ತಿಳಿಯಲು ಹಾಕಿದ ಮಾದರಿ, ಹೀಗೇ ಕಲಸಿ ಹಾಕಿಬಿಡಬೇಡಿ. ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಎಳೆ ಮರಿಯ ಪ್ರಿ-ಸ್ಟಾರ್ಟರ್ ಫೀಡಿಗೆ ಶೇ. 23, ಆಮೇಲಿನ ಸ್ಟಾರ್ಟರ್‌ಗೆ ಶೇ. 22, ಕೊನೆಯ ಹಂತದ ಫಿನಿಶರ್‌ಗೆ ಶೇ. 20 ಪ್ರೋಟೀನ್ ಬೇಕು. ಶಕ್ತಿ ಕ್ರಮವಾಗಿ 3000, 3100, 3200 ಕಿಲೋ ಕ್ಯಾಲೊರಿ. ಅದಕ್ಕೆ ತಕ್ಕ ಹಾಗೆ ಅಳತೆ ಬದಲಾಗುತ್ತದೆ.

ನಮ್ಮ ಮಾದರಿಯಲ್ಲಿ ಪ್ರೋಟೀನ್ ಎಷ್ಟಾಯಿತು? ಜೋಳದಿಂದ 5.1 ಕೆಜಿ, ಸೋಯಾದಿಂದ 14.85 ಕೆಜಿ. ಕೂಡಿದರೆ ಸುಮಾರು 20. ಅಂದರೆ ಪ್ರೋಟೀನಿನಲ್ಲಿ ಜೋಳದ ಪಾಲು ಕಾಲು ಭಾಗ. ಶಕ್ತಿಯಲ್ಲಿ? ಕೆಜಿ ಫೀಡಿಗೆ ಬರುವ ಸುಮಾರು 3000 ಕಿಲೋ ಕ್ಯಾಲೊರಿಯಲ್ಲಿ 2010 ಜೋಳದ್ದೇ. ಮೂರರಲ್ಲಿ ಎರಡು ಪಾಲು. ಕೋಳಿಗೆ ಮೆಕ್ಕೆಜೋಳ ಅಂದರೆ ನಮಗೆ ಮುದ್ದೆ ಇದ್ದ ಹಾಗೆ, ಸಾರು ಸೋಯಾದ್ದು. ಜೋಳ ಕೊಳ್ಳುವಾಗ ಪ್ರೋಟೀನಿಗಿಂತ ಮೊದಲು ನೋಡಬೇಕಾದ್ದು ಶಕ್ತಿಯನ್ನು.

ಇನ್ನು ಲೈಸಿನ್. ಸ್ಟಾರ್ಟರ್‌ನ 100 ಕೆಜಿಗೆ ಸುಮಾರು 1.1 ಕೆಜಿ ಲೈಸಿನ್ ಬೇಕು ಅಂದುಕೊಳ್ಳಿ. 60 ಕೆಜಿ ಜೋಳ ಕೊಡುವುದು 156 ಗ್ರಾಂ. ಒಂದು ಕುಲಾಂತರಿ ಜೋಳದಲ್ಲಿ ಲೈಸಿನ್ ಶೇ. 0.36ಕ್ಕೆ ಏರಿದೆ ಅಂತಿಟ್ಟುಕೊಳ್ಳಿ. ಆಗ 216 ಗ್ರಾಂ ಸಿಗುತ್ತದೆ. ಉಳಿತಾಯ 60 ಗ್ರಾಂ. ನಾವು ಫೀಡಿಗೆ ಸೇರಿಸುವ ಲೈಸಿನ್ ಪುಡಿಯಲ್ಲಿ ಶೇ. 78 ಲೈಸಿನ್ ಇರುತ್ತದೆ. ಆ ಲೆಕ್ಕಕ್ಕೆ 77 ಗ್ರಾಂ ಪುಡಿ ಉಳಿಯಿತು. ಒಂದು ಹಿಡಿ ಪುಡಿ, ಅಷ್ಟೇ. ಈ ಹಿಡಿ ಪುಡಿಗಾಗಿ ಬೀಜಕ್ಕೆ ಜಾಸ್ತಿ ದುಡ್ಡು ಕೊಟ್ಟು, ಬೇರೆ ಜೋಳದ ಜೊತೆ ಬೆರೆಯದ ಹಾಗೆ ಬೇರೆ ಗೋದಾಮಿನಲ್ಲಿ ಇಟ್ಟು, ಬೇರೆ ಲಾರಿಯಲ್ಲಿ ಸಾಗಿಸುವವರು ಯಾರು? ಎಲ್‌ವೈ 038ಕ್ಕೆ ಯುರೋಪಿನಲ್ಲಿ ಹಾಕಿದ್ದ ಅರ್ಜಿಯನ್ನು 2009ರಲ್ಲಿ ವಾಪಸ್ ಪಡೆದರು. ದೊಡ್ಡ ಮಟ್ಟದಲ್ಲಿ ಅದು ಹೊಲಕ್ಕೆ ಇಳಿಯಲೇ ಇಲ್ಲ. ಫೈಟೇಸ್ ಜೋಳದ ಎದುರಿಗೂ ಹೀಗೇ ಫೈಟೇಸ್ ಪುಡಿ ನಿಂತಿದೆ. ಟನ್ನಿಗೆ ಗ್ರಾಂ ಲೆಕ್ಕದಲ್ಲಿ ಹಾಕುವ ಪುಡಿ ಅದು.

ಒಳ್ಳೆ ಲೈಸಿನ್ ಇರುವ ಜೋಳವೇ ಬೇಕು ಅಂದರೆ ಕುಲಾಂತರಿಯವರೆಗೆ ಹೋಗಬೇಕಾಗಿಯೂ ಇಲ್ಲ. ಜೋಳದಲ್ಲಿ ತಾನಾಗಿಯೇ ಇದ್ದ ಓಪೇಕ್-2 ಎಂಬ ಗುಣ ಲೈಸಿನ್ ಹೆಚ್ಚಿಸುತ್ತದೆ ಅಂತ 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಪ್ರಕಟಿಸಿದರು. ಆದರೆ ಆ ಕಾಳು ಮೆದು, ಹುಳ ಬೇಗ ಬೀಳುತ್ತಿತ್ತು. ಮೆಕ್ಸಿಕೋದ ಸಿಮಿಟ್ ಸಂಸ್ಥೆಯಲ್ಲಿ ಭಾರತದ ಸುರಿಂದರ್ ವಾಸಲ್ ಮತ್ತು ಅಲ್ಲಿನ ಇವಾಂಜೆಲಿನಾ ವಿಲ್ಲೆಗಾಸ್ ವರ್ಷಗಟ್ಟಲೆ ಕೂತು ಅದನ್ನು ಗಟ್ಟಿ ಕಾಳಿನ ಜೋಳ ಮಾಡಿದರು. 2000ನೇ ಇಸವಿಯ ವಿಶ್ವ ಆಹಾರ ಪ್ರಶಸ್ತಿ ಇಬ್ಬರಿಗೂ ಬಂತು. ಲೈಸಿನ್ ಮಾಮೂಲಿ ಜೋಳದ ಸುಮಾರು ಎರಡರಷ್ಟು. ನಮ್ಮ ದೇಶದಲ್ಲೂ ಎಚ್‌ಕ್ಯೂಪಿಎಂ-1ನಂಥ ತಳಿಗಳು ಬಂದಿವೆ. ಇದೆಲ್ಲ ಬರೀ ಹೂವಿನ ಹುಡಿಯ ಕೆಲಸ.

ನಾಲ್ಕನೆಯದು: ಕೋಳಿ ಏನು ಹೇಳಿದೆ ಕೇಳಿ

ಹೊಸ ಜೋಳವನ್ನು ಪರೀಕ್ಷಿಸಲು ವಿಜ್ಞಾನಿಗಳು ಬ್ರಾಯ್ಲರ್ ಕೋಳಿಯನ್ನೇ ಯಾಕೆ ಹಿಡಿಯುತ್ತಾರೆ ಗೊತ್ತೇ? 42 ಗ್ರಾಂ ಇದ್ದ ಮರಿ 40 ದಿನದಲ್ಲಿ 2 ಕೆಜಿ ದಾಟುತ್ತದೆ. ಹತ್ತಿರ 50 ಪಟ್ಟು. ಇಷ್ಟು ಓಡುವ ಮೈಗೆ ಆಹಾರದಲ್ಲಿ ಒಂಚೂರು ಕೊರತೆ ಆದರೂ ತೂಕದಲ್ಲಿ ಕಾಣುತ್ತದೆ.

1998ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಡೆದ ಪ್ರಯೋಗ ಮೊದಮೊದಲಿನದು. ಈವೆಂಟ್ 176 ಎಂಬ ಬಿಟಿ ಜೋಳವನ್ನು 38 ದಿನ ತಿನ್ನಿಸಿ, ಅದೇ ತಳಿಯ ಬಿಟಿ ಅಲ್ಲದ ಜೋಳದ ಜೊತೆ ಹೋಲಿಸಿದರು. ಬದುಕುಳಿದ ಕೋಳಿಗಳ ಲೆಕ್ಕದಲ್ಲೂ ತೂಕದಲ್ಲೂ ವ್ಯತ್ಯಾಸ ಇರಲಿಲ್ಲ. ಎಫ್‌ಸಿಆರ್, ಅಂದರೆ 1 ಕೆಜಿ ತೂಕ ಏರಲು ತಿಂದ ಫೀಡಿನ ಲೆಕ್ಕ, ಬಿಟಿ ಜೋಳದ್ದು ತುಸು ಚೆನ್ನಾಗಿಯೇ ಬಂತು. ಅದನ್ನು ಬಿಟಿಯ ಮಹಿಮೆ ಅಂತ ಓದಬೇಡಿ. ಎರಡು ಬೇರೆ ಬೇರೆ ಲಾಟಿನ ಜೋಳ ಹಾಕಿದಾಗ ಇಷ್ಟು ಹೆಚ್ಚುಕಡಿಮೆ ಸುಮ್ನೆ ಬರಬಹುದು. ಆಮೇಲೆ ಮಾನ್ 810, ಎನ್‌ಕೆ 603 ಮುಂತಾದವನ್ನು 42 ದಿನಗಳ ಇಂಥದೇ ಪ್ರಯೋಗಗಳಲ್ಲಿ ಹಾಕಿ ನೋಡಿದರು. ಫಲಿತಾಂಶ ಅದೇ: ತೂಕ, ಎಫ್‌ಸಿಆರ್, ಎದೆ ಮಾಂಸ ಎಲ್ಲ ಮಾಮೂಲಿ ಜೋಳದ ಹಾಗೇ.

‘ಈ ಪ್ರಯೋಗಗಳಿಗೆ ದುಡ್ಡು ಹಾಕಿದವರು ಬೀಜ ಕಂಪನಿಯವರೇ ಅಲ್ವಾ?’ ಅಂತ ನೀವು ಕೇಳಬಹುದು. ಹೌದು, ಬಹಳಷ್ಟಕ್ಕೆ. ಅನುಮಾನ ಇರಬೇಕಾದ್ದೇ. ಅದಕ್ಕೇ ನನಗೆ ಇನ್ನೊಂದು ಲೆಕ್ಕ ಹೆಚ್ಚು ಹಿಡಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಆಲಿಸನ್ ವಾನ್ ಈನೆನ್ನಾಮ್ ಮತ್ತು ಆಮಿ ಯಂಗ್ 2014ರಲ್ಲಿ ಅಮೆರಿಕದ ಸಾಕುಪ್ರಾಣಿಗಳ 1983ರಿಂದ 2011ರವರೆಗಿನ ಅಂಕಿಅಂಶ ತೆಗೆದು ನೋಡಿದರು. ಕುಲಾಂತರಿ ಬೆಳೆ ಅಲ್ಲಿ ಬಂದದ್ದು 1996ರಲ್ಲಿ. ಅದಕ್ಕಿಂತ ಮುಂಚಿನ ವರ್ಷಗಳು ಹೇಗಿದ್ದವು, ಆಮೇಲಿನವು ಹೇಗಿವೆ? 10,000 ಕೋಟಿಗೂ ಹೆಚ್ಚು ಪ್ರಾಣಿಗಳ ಲೆಕ್ಕ ಅದು, ಅದರಲ್ಲಿ ಬಹುಪಾಲು ಬ್ರಾಯ್ಲರ್ ಕೋಳಿ. ಸಾವು ಏರಿರಲಿಲ್ಲ, ಬೆಳವಣಿಗೆ ಕುಂದಿರಲಿಲ್ಲ. ಕಸಾಯಿಖಾನೆಯ ಪರೀಕ್ಷೆಯಲ್ಲಿ ಬಿಸಾಕಿದ ಕೋಳಿಗಳ ಪ್ರಮಾಣವೂ ಹೆಚ್ಚಿರಲಿಲ್ಲ. ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ನಮ್ಮ ಕನ್ನಡದವರು ಭಾನುವಾರ ಮಾಡುವ ಕೋಳಿ ಸಾರು ಬಹುತೇಕ ಇಂಥ ಜೋಳ ತಿಂದ ಕೋಳಿಯದೇ. ಅಲ್ಲಿನ ಜೋಳದಲ್ಲಿ ಶೇ. 90ಕ್ಕಿಂತ ಜಾಸ್ತಿ ಕುಲಾಂತರಿ.

ಹುಳವನ್ನು ಕೊಲ್ಲುವ ಪ್ರೋಟೀನ್ ಕೋಳಿಯನ್ನು ಯಾಕೆ ಕೊಲ್ಲುವುದಿಲ್ಲ ಎಂಬುದಕ್ಕೂ ಕಾರಣ ಇದೆ. ಬಿಟಿ ಪ್ರೋಟೀನ್ ಕೆಲಸ ಮಾಡಲು ಕ್ಷಾರ ಗುಣದ ಕರುಳು ಬೇಕು, ಆ ಕರುಳಿನ ಗೋಡೆಯಲ್ಲಿ ಅದು ಹಿಡಿದುಕೊಳ್ಳುವ ಕೊಂಡಿ ಬೇಕು. ಮರಿಹುಳದಲ್ಲಿ ಎರಡೂ ಇವೆ. ಕೋಳಿಯ ಜಠರದಲ್ಲಿ ಆಮ್ಲ. ಅಲ್ಲಿ ಅದು ಬೇರೆ ಪ್ರೋಟೀನಿನ ಹಾಗೆಯೇ ಚೂರುಚೂರಾಗಿ ಜೀರ್ಣವಾಗುತ್ತದೆ.

ಐದನೆಯದು: ತೇವ. ನಿಜವಾದ ನಷ್ಟ ಇಲ್ಲಿದೆ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಕುಲಾಂತರಿ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಕೆಜಿಗೆ ಹತ್ತು ಕಿಲೋ ಕ್ಯಾಲೊರಿಯನ್ನೂ ಅಲುಗಿಸಲಿಲ್ಲ. ತೇವ ಏನು ಮಾಡುತ್ತದೆ ನೋಡಿ.

ಶೇ. 12 ತೇವದ ಒಂದು ಕ್ವಿಂಟಲ್ ಜೋಳದಲ್ಲಿ ಒಣ ಪದಾರ್ಥ 88 ಕೆಜಿ. 18 ತೇವದ್ದರಲ್ಲಿ 82 ಕೆಜಿ. ಶಕ್ತಿ ಕೆಜಿಗೆ 3350 ಇದ್ದದ್ದು ಸುಮಾರು 3120ಕ್ಕೆ ಇಳಿಯುತ್ತದೆ. 230 ಕಿಲೋ ಕ್ಯಾಲೊರಿ ನೀರಿನಲ್ಲಿ ಹೋಯಿತು. ದುಡ್ಡಿನಲ್ಲಿ ಹೇಳುವುದಾದರೆ, 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2400 ರೂಪಾಯಿ. 12 ತೇವದ್ದಕ್ಕೆ ಅಷ್ಟು ಕೊಟ್ಟರೆ 18 ತೇವದ್ದಕ್ಕೆ 2236 ರೂಪಾಯಿಗಿಂತ ಜಾಸ್ತಿ ಕೊಟ್ಟವರು ನೀರಿಗೆ ಬೆಲೆ ಕೊಟ್ಟಂತೆ. ಅದರ ಮೇಲೆ ಬೂಸ್ಟಿನ ಗಂಡಾಂತರ ಬೇರೆ.

ಮೀಟರ್ ಇದ್ದರೆ ಸರಿ. ಇಲ್ಲದವರು ಹೀಗೆ ಮಾಡಿ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರರಲ್ಲಿ ಒಂದು ಪಾಲು ಜೋಳ ತುಂಬಿ. ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿ ಉಪ್ಪು ಎರಡು ಮೂರು ಚಮಚ ಹಾಕಿ. ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ 15ಕ್ಕಿಂತ ಜಾಸ್ತಿ. ಉದುರಿ ತಳಕ್ಕೆ ಬಿದ್ದರೆ ಕಮ್ಮಿ. ಕಾಳನ್ನು ಹಲ್ಲಿನಲ್ಲಿ ಕಡಿದಾಗ ‘ಕಟ್’ ಅಂದರೆ ಒಣಗಿದೆ ಅನ್ನುವ ಅಜ್ಜನ ಪರೀಕ್ಷೆಯೂ ತಪ್ಪಲ್ಲ. ಆದರೆ ಲಾರಿ ಜೋಳ ಕೊಳ್ಳುವವರು ಅದನ್ನೇ ನಂಬಬಾರದು.

ತೂಕವನ್ನೂ ನೋಡಿ. 1 ಲೀಟರ್ ಡಬ್ಬಕ್ಕೆ ಒಣಗಿದ ಜೋಳ ತುಂಬಿ, ಮೇಲೆ ಕೋಲಿನಿಂದ ಎಳೆದು ಸಮ ಮಾಡಿ ತೂಗಿ. 720 ಗ್ರಾಂ ಆಸುಪಾಸು ಇದ್ದರೆ ಕಾಳು ತುಂಬಿದೆ. 650ಕ್ಕಿಂತ ಕೆಳಗೆ ಬಂದರೆ ಜೊಳ್ಳು ಇದೆ, ಇಲ್ಲವೇ ಹುಳ ತಿಂದಿದೆ.

ಆರನೆಯದು: ಬೂಸ್ಟು, ಮತ್ತು ಬಿಟಿಯ ಒಂದು ಒಳ್ಳೆ ಮಾತು

ಅಕ್ಟೋಬರ್–ನವೆಂಬರ್‌ನಲ್ಲಿ ಕೊಯ್ಲು. ಅದೇ ಹೊತ್ತಿಗೆ ಹಿಂಗಾರು ಮಳೆ. ರಸ್ತೆ ಮೇಲೆ ಹರಡಿದ ಜೋಳವನ್ನು ಸಂಜೆ ತಾಡಪಾಲಿನಲ್ಲಿ ಮುಚ್ಚಿ, ಬೆಳಿಗ್ಗೆ ಬಿಚ್ಚಿದರೆ ಹಬೆ ಏಳುತ್ತದೆ. ಅಲ್ಲಿಂದ ಶುರು ಆಸ್ಪರ್ಜಿಲಸ್ ಎಂಬ ಬೂಸ್ಟು, ಅದರ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಏನಂತ ಗೊತ್ತಾಗದೆ ಸತ್ತವು. ಕಾಯಿಲೆಗೆ ‘ಟರ್ಕಿ ಎಕ್ಸ್’ ಅಂತ ಹೆಸರಿಟ್ಟರು. ಹುಡುಕಿದಾಗ ಸಿಕ್ಕಿದ್ದು ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ. ಅಫ್ಲಾಟಾಕ್ಸಿನ್ ಗೊತ್ತಾದದ್ದೇ ಹಾಗೆ.

ಬ್ರಾಯ್ಲರ್ ಅದನ್ನು ತಿಂದರೆ ಲಿವರ್ ಊದಿ ಹಳದಿಗಟ್ಟುತ್ತದೆ, ತೂಕ ನಿಲ್ಲುತ್ತದೆ, ಹಾಕಿದ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಫೀಡಿನಲ್ಲಿ ಕೆಜಿಗೆ 20 ಮೈಕ್ರೋಗ್ರಾಂ ಮೇಲ್ಮಿತಿ. ಕಣ್ಣಿಗೆ ಕಾಣುವ ಅಳತೆ ಅಲ್ಲ ಅದು. ವಿಷ ಇಡೀ ಲಾರಿಯಲ್ಲಿ ಸಮವಾಗಿ ಹರಡಿರುವುದಿಲ್ಲ, ಅಲ್ಲೊಂದು ಚೀಲ ಇಲ್ಲೊಂದು ಚೀಲ. ಆದ್ದರಿಂದ ಬಾಗಿಲ ಹತ್ತಿರದ ಒಂದು ಚೀಲದಿಂದ ಹಿಡಿ ಕಾಳು ತೆಗೆದು ಲ್ಯಾಬಿಗೆ ಕಳಿಸಿದರೆ ದುಡ್ಡು ದಂಡ. ಕಡಿಮೆ ಅಂದರೂ ಹತ್ತು ಹದಿನೈದು ಚೀಲಕ್ಕೆ ಕೊಳವೆ ಚುಚ್ಚಿ, ಬಂದ ಕಾಳನ್ನೆಲ್ಲ ಒಟ್ಟಿಗೆ ಬೀಸಿ, ಚೆನ್ನಾಗಿ ಕಲಸಿ, ಅದರಿಂದ ಅರ್ಧ ಕೆಜಿ ಕಳಿಸಿ. ವಿಷವನ್ನು ಹಿಡಿದಿಡುವ ಟಾಕ್ಸಿನ್ ಬೈಂಡರ್ ಪುಡಿ ಹಾಕಿದ್ದೇನಲ್ಲ ಅಂತ ಕೆಟ್ಟ ಜೋಳ ಕೊಳ್ಳಬೇಡಿ. ಅದು ಛತ್ರಿ, ಮನೆಯ ಸೂರಲ್ಲ.

ಬಿಟಿ ಜೋಳಕ್ಕೆ ಒಂದು ಒಳ್ಳೆ ಮಾತು ಸಲ್ಲುವುದು ಇಲ್ಲೇ. ಹುಳ ತೆನೆ ಕೊರೆದ ಗಾಯದಲ್ಲಿ ಫ್ಯುಸೇರಿಯಂ ಎಂಬ ಇನ್ನೊಂದು ಬೂಸ್ಟು ಬೆಳೆದು ಫ್ಯುಮೋನಿಸಿನ್ ವಿಷ ಬಿಡುತ್ತದೆ. ಹುಳ ಕಮ್ಮಿ ಆದರೆ ಗಾಯ ಕಮ್ಮಿ, ಗಾಯ ಕಮ್ಮಿ ಆದರೆ ಈ ವಿಷವೂ ಕಮ್ಮಿ. 1990ರ ದಶಕದಲ್ಲೇ ಅಮೆರಿಕದ ಅಯೋವಾದಲ್ಲಿ ಇದನ್ನು ಹೊಲದಲ್ಲಿ ತೋರಿಸಿದ್ದಾರೆ. ಅಫ್ಲಾಟಾಕ್ಸಿನ್ ವಿಷಯದಲ್ಲಿ ಇಷ್ಟು ಸ್ಪಷ್ಟ ಫಲಿತಾಂಶ ಬಂದಿಲ್ಲ. ಒಣಗಿಸದೆ ಚೀಲ ಕಟ್ಟಿದರೆ ಬಿಟಿ ಜೋಳವೂ ಬೂಸ್ಟು ಹಿಡಿಯುತ್ತದೆ.

ನಮಗೂ ಈ ಹುಳದ ಮಾತು ದೂರದ್ದಲ್ಲ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಅಂದಿನಿಂದ ಜೋಳದ ಸುಳಿಗೆ ಔಷಧಿ ಹೊಡೆಯದ ರೈತ ಸಿಗುವುದು ಕಷ್ಟ. ‘ಬಿಟಿ ಬಂದಿದ್ದರೆ’ ಎಂಬ ಆಸೆ ಅಲ್ಲಿಂದ ಹುಟ್ಟಿದ್ದು. ಆದರೆ ಪೋರ್ಟೊರಿಕೊ, ಬ್ರೆಜಿಲ್‌ಗಳಲ್ಲಿ ಇದೇ ಹುಳ ಒಂದು ಬಗೆಯ ಬಿಟಿ ಪ್ರೋಟೀನಿಗೆ ಒಗ್ಗಿಕೊಂಡಿದೆ. ಬಿಟಿ ಹತ್ತಿಗೆ ಹೀಗೇ ಒಗ್ಗಿಕೊಂಡ ಗುಲಾಬಿ ಕಾಯಿಕೊರಕ ಹುಳವನ್ನು ನೋಡಿದ ನಮ್ಮ ಹತ್ತಿ ಬೆಳೆಗಾರರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಏಳನೆಯದು: ನಿಮ್ಮ ಶೆಡ್ಡಿನಲ್ಲೇ ಹೋಲಿಸಿ ನೋಡಿ

ಎರಡು ಕಡೆಯ ಜೋಳ, ಎರಡು ತಳಿ, ಹಳೆ ಜೋಳ ಹೊಸ ಜೋಳ, ಯಾವುದನ್ನಾದರೂ ಹೀಗೆ ಹೋಲಿಸಬಹುದು. ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಶೆಡ್ಡಿಗೆ ನಡುವೆ ಒಂದು ಬಲೆ ಕಟ್ಟಿ, ಈ ಕಡೆ ಒಂದು ಜೋಳದ ಫೀಡ್, ಆ ಕಡೆ ಇನ್ನೊಂದು ಹಾಕಿದೆ. ಆ ಕಡೆಯ ಕೋಳಿ ತಲಾ 120 ಗ್ರಾಂ ಜಾಸ್ತಿ ಬಂದವು. ಊರಿಗೆಲ್ಲ ಆ ಜೋಳದ ಗುಣಗಾನ ಮಾಡಿದೆ. ಮುಂದಿನ ಬ್ಯಾಚಿನಲ್ಲಿ ಫೀಡ್ ಅದಲು ಬದಲು ಮಾಡಿದರೆ ಮತ್ತೆ ಆ ಕಡೆಯ ಕೋಳಿಯೇ ಮುಂದೆ! ಫ್ಯಾನ್ ಇದ್ದದ್ದು ಆ ಕಡೆ.

ಆದ್ದರಿಂದ ಎರಡು ಭಾಗ ಸಾಲದು. ಎಂಟು ಸಣ್ಣ ಗೂಡು ಮಾಡಿ, ಒಂದೊಂದರಲ್ಲಿ 25 ಮರಿ ಬಿಡಿ. ಒಂದೇ ಹ್ಯಾಚರಿಯ ಒಂದೇ ದಿನದ ಮರಿಗಳಾಗಿರಲಿ. ಯಾವ ಗೂಡಿಗೆ ಯಾವ ಫೀಡ್ ಅಂತ ಚೀಟಿ ಎತ್ತಿ ತೀರ್ಮಾನಿಸಿ, ನಾಲ್ಕು ನಾಲ್ಕು ಬರಲಿ. ಜೋಳ ಬಿಟ್ಟು ಬೇರೆ ಏನೂ ಬದಲಾಗಬಾರದು. ಸೋಯಾ ಹಿಂಡಿ ಒಂದೇ ಚೀಲದ್ದು, ಬೀಸುವ ಜರಡಿ ಒಂದೇ ಅಳತೆಯದು. ಒಂದು ಜೋಳ ನುಣ್ಣಗೆ, ಇನ್ನೊಂದು ತರಿತರಿಯಾಗಿ ಬಿದ್ದರೆ ನೀವು ಅಳೆದದ್ದು ಜೋಳವನ್ನಲ್ಲ, ಗಿರಣಿಯನ್ನು. ಎರಡರ ತೇವವನ್ನೂ ಮೊದಲೇ ಬರೆದಿಡಿ.

ಮೊದಲ ದಿನ, ಆಮೇಲೆ ವಾರಕ್ಕೊಮ್ಮೆ ಗೂಡಿನ ಎಲ್ಲ ಕೋಳಿ ತೂಗಿ. ಹಾಕಿದ ಫೀಡಿನಲ್ಲಿ ಉಳಿದದ್ದನ್ನು ಕಳೆಯಿರಿ. ತಿಂದ ಫೀಡನ್ನು ಏರಿದ ತೂಕದಿಂದ ಭಾಗಿಸಿದರೆ ಎಫ್‌ಸಿಆರ್. ಸತ್ತ ಕೋಳಿಯನ್ನೂ ಆ ದಿನವೇ ತೂಗಿ ಲೆಕ್ಕಕ್ಕೆ ಸೇರಿಸಿ. ಅದು ಸಾಯುವ ಮುಂಚೆ ತಿಂದದ್ದು ಎಲ್ಲಿಗೂ ಹೋಗಿಲ್ಲವಲ್ಲ. ಕೊನೆಗೆ ಒಂದೇ ಫೀಡ್ ತಿಂದ ನಾಲ್ಕು ಗೂಡುಗಳ ನಡುವೆ ಎಷ್ಟು ವ್ಯತ್ಯಾಸ ಇದೆ ನೋಡಿ. ಎರಡು ಫೀಡುಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಚೆನ್ನಾಗಿ ದೊಡ್ಡದಿದ್ದರೆ ಮಾತ್ರ ಬಾಯಿ ಬಿಡಿ.

ಕಂಪನಿ ಕೋಳಿ ಸಾಕುವವರಿಗೆ ಇದೆಲ್ಲ ಕೈಯಲ್ಲಿಲ್ಲ, ಮರಿಯೂ ಫೀಡೂ ಕಂಪನಿಯದೇ. ಅವರು ಮಾಡಬಹುದಾದ್ದು: ಚೀಲದ ಮೇಲಿನ ಲಾಟ್ ನಂಬರ್ ಬರೆದಿಡುವುದು, ಹೊಸ ಲಾಟ್ ಬಂದ ದಿನ ಫೀಡನ್ನು ಮೂಸಿ ನೋಡುವುದು, ತಿನ್ನುವುದು ಇದ್ದಕ್ಕಿದ್ದಂತೆ ಕಮ್ಮಿ ಆದರೆ ಅದೇ ದಿನ ಸೂಪರ್‌ವೈಸರ್‌ಗೆ ತಿಳಿಸುವುದು.

ಗಿರಾಕಿ ಕೇಳಿದರೆ

ಕೋಳಿ ಅಂಗಡಿಯಲ್ಲಿ ‘ಇದು ಕುಲಾಂತರಿ ತಿಂದ ಕೋಳಿನಾ?’ ಅಂತ ಕೇಳುವವರು ಈಗೀಗ ಸಿಗುತ್ತಾರೆ. ನಮ್ಮಲ್ಲಿ ಕುಲಾಂತರಿ ಜೋಳಕ್ಕೆ ಅನುಮತಿ ಇಲ್ಲ ಅಂತ ಹೇಳಿ. ಇನ್ನೂ ಕೇಳಿದರೆ ಇದನ್ನೂ ಹೇಳಬಹುದು: ಕೋಳಿ ತಿಂದ ಗಿಡದ ಡಿಎನ್‌ಎಯ ಸಣ್ಣ ಚೂರುಗಳು ಕೋಳಿಯ ಮೈಯಲ್ಲಿ ಸಿಕ್ಕಿವೆ, ಆದರೆ ಬಿಟಿ ಜೋಳ ತಿಂದ ಕೋಳಿಗಳ ಮಾಂಸದಲ್ಲಿ, ಮೊಟ್ಟೆಯಲ್ಲಿ ಹುಡುಕಿದಾಗ ಸೇರಿಸಿದ ಆ ವಂಶವಾಹಿ ಸಿಗಲಿಲ್ಲ. ‘ನಮ್ಮದು ಕುಲಾಂತರಿ ಜೋಳ ಇಲ್ಲದ ಕೋಳಿ’ ಅಂತ ಬೋರ್ಡ್ ಹಾಕಿ ಕೆಜಿಗೆ 30 ರೂಪಾಯಿ ಜಾಸ್ತಿ ಕೇಳುವುದು ಮಾತ್ರ ‘ನಮ್ಮ ಉಪ್ಪಿನಲ್ಲಿ ಕೊಬ್ಬಿಲ್ಲ’ ಅಂದ ಹಾಗೆ.

ಕೊನೆಗೊಂದು ಸಣ್ಣ ಕೆಲಸ. ಪ್ರತಿ ಲೋಡ್ ಜೋಳದಿಂದಲೂ 1 ಕೆಜಿ ತೆಗೆದು, ಚೆನ್ನಾಗಿ ಒಣಗಿಸಿ, ತಾರೀಖು, ಲಾರಿ ನಂಬರ್, ತೇವ ಬರೆದ ಚೀಟಿ ಹಾಕಿ ಕಟ್ಟಿಡಿ. ಬ್ಯಾಚಿನಲ್ಲಿ ಏನಾದರೂ ಎಡವಟ್ಟಾದರೆ ಲ್ಯಾಬಿಗೆ ಕಳಿಸಲು, ಮಾರಿದವನ ಮುಂದೆ ಇಡಲು ಅದೇ ಆಧಾರ. ಬ್ಯಾಚ್ ಸರಿಯಾಗಿ ಹೋಗಿ ದುಡ್ಡು ಕೈಗೆ ಬಂತು ಅನ್ನಿ, ಗಂಟು ಬಿಚ್ಚಿ ಒಮ್ಮೆ ಮೂಸಿ ನೋಡಿ, ಅಂಗಳದ ನಾಟಿ ಕೋಳಿಗಳಿಗೆ ಎರಚಿಬಿಡಿ.